ನೂರಕ್ಕೆ ನೂರು ಗುಳಮಾವು

ನನಗೆ ಅನುಮಾನ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಹಾಲು ತಂದರೆ ಮೂಸಿ ನೋಡುತ್ತೇನೆ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಹೋಗಿ ಜಗ್ಗಿ ನೋಡುತ್ತೇನೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನಾಗಬೇಕೋ ಅಂತ ಯೋಚನೆ ಶುರುವಾಗುತ್ತದೆ. ನನ್ನ ಗಂಡ ಚೇತನ, ಮೇಷ್ಟ್ರು ಕೆಲಸದಿಂದ ನಿವೃತ್ತನಾಗಿ ಈಗ ಅಡುಗೆಮನೆಯ ಯಜಮಾನ, ಇದು ನಿನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಗುಣ ಅಂತ ಅಣಕಿಸುತ್ತಾನೆ. ಅದೂ ನಿಜವೇ. ಮರಗಳನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಬೆಣ್ಣೆಹಣ್ಣಿನ ಮರಗಳಿಗೆ ಸೊರಗು ರೋಗ ಬಂದಾಗ ಚಿಕ್ಕವರಾಗಿದ್ದವರಿಗಾಗಿ ಎರಡು ಮಾತು ಹೇಳುತ್ತೇನೆ. ಎಳ್ಳುಕಾಳಿನಷ್ಟು ಕೊರೆಹುಳ, ಅದರ ಬಾಯಲ್ಲಿ ಒಂದು ಶಿಲೀಂಧ್ರ. ಹುಳ ಕೊರೆದ ಆರೇ ವಾರದಲ್ಲಿ ಮರ ನಿಂತಲ್ಲೇ ಒಣಗುತ್ತದೆ. ಕಾಫಿ ತೋಟಗಳ ನಡುವೆ ನೆರಳಿಗೆಂದು ನೆಟ್ಟಿದ್ದ ಬೆಣ್ಣೆಹಣ್ಣೆಲ್ಲ ಎರಡು ವರ್ಷದಲ್ಲಿ ಸೌದೆಯಾಯಿತು. ಆಗ ಎಲ್ಲರಿಗೂ ಹೆದರಿಕೆಯಾದದ್ದು ಕಾಡಿನ ಬಗ್ಗೆ. ಬೆಣ್ಣೆಹಣ್ಣಿಗೆ ನಮ್ಮ ಕಾಡಿನಲ್ಲಿ ಒಬ್ಬ ದಾಯಾದಿ ಇದ್ದಾನೆ, ಗುಳಮಾವು. ಹೆಸರಿನಲ್ಲಿ ಮಾವು ಇದ್ದರೂ ಮಾವಿಗೂ ಅದಕ್ಕೂ ಸಂಬಂಧವಿಲ್ಲ. ಅದರ ತೊಗಟೆಯ ಪುಡಿಯೇ ಊದುಬತ್ತಿಗೆ ಅಂಟು. ಶುದ್ಧ ಗುಳಮಾವನ್ನು ಹುಳ ಮುಟ್ಟುವುದಿಲ್ಲ, ಆದರೆ ಬೆಣ್ಣೆಹಣ್ಣಿನ ಜೊತೆ ಬೆರೆತ ಮರ ಎರಡಕ್ಕೂ ಸೇತುವೆಯಾಗಿ ರೋಗವನ್ನು ಕಾಡೊಳಗೆ ದಾಟಿಸುತ್ತದೆ ಅಂತ ದೊಡ್ಡವರು ತೀರ್ಮಾನಿಸಿದರು. ಬೆರಕೆ ಮರ ಕಂಡಲ್ಲಿ ಕಡಿದು ಸುಡಬೇಕು ಎಂದು ಕಾಯ್ದೆಯೂ ಬಂತು.

ಇವೆರಡೂ ಬೆರೆಯುವುದೇ ಇಲ್ಲ ಅಂತ ಪುಸ್ತಕದಲ್ಲಿತ್ತು. ಮರ ಪುಸ್ತಕ ಓದುವುದಿಲ್ಲವಲ್ಲ. ಬೆಣ್ಣೆಹಣ್ಣಿನ ಹೂವು ಮೊದಲ ಸಲ ಹೆಣ್ಣಾಗಿ ಅರಳಿ ಮುಚ್ಚಿಕೊಳ್ಳುತ್ತದೆ, ಮರುದಿನ ಗಂಡಾಗಿ ತೆರೆದು ಪರಾಗ ಉದುರಿಸುತ್ತದೆ. ಚಳಿಗಾಲ ಕೆಟ್ಟ ಮೇಲೆ ಈ ವೇಳಾಪಟ್ಟಿಯೇ ಏರುಪೇರಾಯಿತು. ಕಾಡಿನ ಗುಳಮಾವೂ ತೋಟದ ಬೆಣ್ಣೆಹಣ್ಣೂ ಒಂದೇ ವಾರ ಹೂ ಬಿಟ್ಟವು, ಜೇನುಹುಳು ಬೇಲಿ ನೋಡಲಿಲ್ಲ, ಮಕ್ಕಳಾದವು. ಬೆರಕೆ ಯಾವುದು, ಅಸಲು ಯಾವುದು ಅಂತ ಎಲೆ ನೋಡಿ ಹೇಳಲು ನಮ್ಮ ಮೈಸೂರಿನ ಕೇಂದ್ರದಲ್ಲಿ ಒಂದು ಯಂತ್ರ ಮಾಡಿದೆವು. ಕಾಗದದಲ್ಲಿ ಅದರ ಹೆಸರು ಕುಲಸೂಚಿ. ಊಟದ ಡಬ್ಬಿಯಷ್ಟು ದೊಡ್ಡದು. ಒಂದು ಚೂರು ಎಲೆ ಕತ್ತರಿಸಿ ಒಳಗಿಟ್ಟರೆ ಅದರ ಕಣಕಣದ ವಂಶಾವಳಿ ಓದಿ, ಇಷ್ಟು ಪಾಲು ಗುಳಮಾವು, ಇಷ್ಟು ಪಾಲು ಬೆರಕೆ ಅಂತ ಕಾಲು ಗಂಟೆಯಲ್ಲಿ ಹೇಳುತ್ತದೆ. ಜನ ಅದಕ್ಕೆ ಜಾತಿ ಮಿಷನ್ನು ಅಂತ ಕರೆದರು. ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು, ಆದರೆ ತಪ್ಪು ಅಂತ ಹೇಳುವ ಹಾಗೂ ಇರಲಿಲ್ಲ.

ಸೋಮವಾರಪೇಟೆ ಕಡೆಯ ಮಾದ್ಲಗುಂಡಿಗೆ ನಾವು ಹೋದದ್ದು ಜನವರಿಯಲ್ಲಿ. ನಾವು ಅಂದರೆ ನಾನು ಮತ್ತು ಫರ್ಹಾನ್. ಯಂತ್ರದ ಲೆಕ್ಕಾಚಾರವೆಲ್ಲ ಬರೆದವನು ಅವನೇ. ಮೂವತ್ತೆರಡು ವರ್ಷದ ಬುದ್ಧಿವಂತ, ಮಾತಿಗೊಮ್ಮೆ ಮೇಡಂ ಅನ್ನುತ್ತಾನೆ, ಅದೂ ನನಗೆ ಅನುಮಾನವೇ. ಊರಿನ ಪಕ್ಕ ಒಂದು ದೇವರಬನ. ಕೊಡಲಿ ಮುಟ್ಟದ ಜಾಗ. ಒಳಗೆ ನಲವತ್ತೊಂದು ಗುಳಮಾವು, ಒಂದೊಂದೂ ನಾಲ್ಕು ಜನ ಕೈ ಹಿಡಿದು ತಬ್ಬಬೇಕು. ಬನಕ್ಕೆ ದೀಪ ಹಚ್ಚುವವಳು ಪುನೀತಮ್ಮ. ಅವಳ ಮಾವ ತೀರಿಕೊಂಡ ಮೇಲೆ, ಗಂಡನ ಸೊಂಟ ಕೈಕೊಟ್ಟ ಮೇಲೆ, ಆ ಕೆಲಸ ಅವಳಿಗೆ ಬಂದಿತ್ತು. ಇಪ್ಪತ್ತಾರು ವರ್ಷದ ಹಿಂದೆ ನಾನು ಸಂಶೋಧನೆಗೆಂದು ಅದೇ ಊರಿಗೆ ಹೋಗಿದ್ದಾಗ ಅವಳು ಹೊಸ ಸೊಸೆ. ಆಗ ಅಕ್ಕ ಅನ್ನುತ್ತಿದ್ದಳು. ಈಗ ಮೇಡಂ ಅಂದಳು. ಚಪ್ಪಲಿ ಕಲ್ಲಿನ ಈಚೆಗೇ ಬಿಡಿ ಅಂತ ಮಾತ್ರ ಹೇಳಿದಳು.

ಬನದ ಗಡಿಗೆ ಒಂದು ಕಲ್ಲಿದೆ. ಅದರಾಚೆ ಚಪ್ಪಲಿ ಇಲ್ಲ, ಶೂ ಇಲ್ಲ, ಎಂಥ ಅಧಿಕಾರಿಯಾದರೂ ಇಲ್ಲ. ಎರಡು ದಿನ ಬರಿಗಾಲಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿಸಿಕೊಂಡು ನಲವತ್ತೊಂದು ಮರದ ಎಲೆ ತೆಗೆದೆವು. ನಲವತ್ತೊಂದೂ ಬೆರಕೆ ಅಂತ ಬಂತು. ಮೂವತ್ತೆಂಟು ಪಾಲು, ನಲವತ್ತು ಪಾಲು, ನಲವತ್ನಾಲ್ಕು ಪಾಲು. ಫರ್ಹಾನನ ಮುಖ ಇಳಿದುಹೋಯಿತು. ಹೊರಗೆ ಬಂದು, ಗಡಿಕಲ್ಲಿನ ಪಕ್ಕ, ತೋಟದ ಬೇಲಿಗೆ ತಾಗಿದ ಹಾಗೆ ಬೆಳೆದಿದ್ದ ಒಂದು ಮರದ ಎಲೆಯನ್ನೂ ಸುಮ್ಮನೆ ಇಟ್ಟು ನೋಡಿದ. ನೂರಕ್ಕೆ ನೂರು ಗುಳಮಾವು. ಒಂದಾದರೂ ಅಸಲು ಸಿಕ್ಕಿತಲ್ಲ ಅಂತ ಅವನಿಗೆ ಸಮಾಧಾನವಾಯಿತು.

ನನ್ನ ಕಿವಿ ನೆಟ್ಟಗಾದದ್ದು ಆಗ. ಎಂಟು ವರ್ಷದಿಂದ ಈ ಯಂತ್ರದ ಜೊತೆ ತಿರುಗಿದ್ದೇನೆ. ತೊಂಬತ್ತೇಳು ಕಂಡಿದ್ದೇನೆ, ತೊಂಬತ್ತೆಂಟೂವರೆ ಕಂಡಿದ್ದೇನೆ. ನೂರಕ್ಕೆ ನೂರು ಅಂತ ಯಾವ ಮರಕ್ಕೂ ಬಂದದ್ದಿಲ್ಲ.

ಪುನೀತಮ್ಮ ಮಜ್ಜಿಗೆ ತಂದುಕೊಟ್ಟಳು. ಜೊತೆಗೆ ತಟ್ಟೆಯಲ್ಲಿ ಹಣ್ಣಿನ ಹೋಳು, ಮೇಲೆ ಉಪ್ಪು, ಮೆಣಸಿನಪುಡಿ. ಬೆಣ್ಣೆಯ ಹಾಗೆ ನುಣ್ಣಗಿತ್ತು. ಬೆಣ್ಣೆಹಣ್ಣು ಸತ್ತು ಎಷ್ಟೋ ವರ್ಷವಾಯಿತಲ್ಲ, ಎಲ್ಲಿಂದ ಬಂತು ಅಂತ ಕೇಳಿದೆ. ಬೇಲಿ ಪಕ್ಕದ ಮರದ್ದೇ ಅಂದಳು. ಗುಳಮಾವಿನ ಹಣ್ಣು ಗೋಲಿಗಿಂತ ದೊಡ್ಡದಾಗುವುದಿಲ್ಲ, ಅದು ಹಕ್ಕಿಗಳ ಪಾಲು. ಇದು ನಿಂಬೆಹಣ್ಣಿನಷ್ಟಿತ್ತು. ಅದನ್ನು ಬಾಯಲ್ಲಿಟ್ಟುಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದೆ.

ಕಡಿಯುವ ಆದೇಶಕ್ಕೆ ಬೇಕಾದದ್ದು ನನ್ನ ಸಹಿ. ಹನ್ನೊಂದು ದಿನ ಟೈಮಿತ್ತು. ಹೊರಡುವಾಗ ಪುನೀತಮ್ಮ ಜೀಪಿನ ಬಾಗಿಲು ಹಿಡಿದುಕೊಂಡು ನಿಂತಳು. ಅವರ ಕಡೆ ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಬನದ ಒಂದು ಮರದ ಬುಡದಲ್ಲಿ ಹೂಳುತ್ತಾರೆ. ಅಲ್ಲಿಂದ ಆ ಮರ ಆ ಮಗುವಿನದು.

"ನೀವು ಸುಣ್ಣದಲ್ಲಿ ನಂಬರ್ ಬರೆದ್ರಲ್ಲ, ಹದಿನೇಳನೇದು, ಅದು ನನ್ನ ಮಗಳದು" ಅಂದಳು. "ಆರು ವರ್ಷಕ್ಕೇ ಹೋಗಿಬಿಟ್ಳು. ಅವಳದು ಅಂತ ಉಳಿದಿರೋದು ಅದೊಂದೇ ಮೇಡಂ."

ನಾನು ತಲೆ ಆಡಿಸಿ ಜೀಪು ಹತ್ತಿದೆ.

ಮೈಸೂರಿಗೆ ಬರುವ ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ಅನುಮಾನಿಸಿದೆ. ಮೊದಲು ಪಕ್ಕದ ತೋಟದ ಸಾಹುಕಾರರನ್ನು. ಬನ ಕಡಿದರೆ ಅವರ ತೋಟಕ್ಕೆ ನೇರ ರಸ್ತೆಯಾಗುತ್ತದೆ. ಆಮೇಲೆ ಪುನೀತಮ್ಮನನ್ನು. ಮಜ್ಜಿಗೆ, ಹಣ್ಣು, ಮಗಳು, ಎಲ್ಲ ಒಂದೇ ದಿನ ಯಾಕೆ? ನನ್ನನ್ನು ನೋಡಿದಾಗಲೆಲ್ಲ ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಿದ್ದಳು, ಅದನ್ನೂ ಗಮನಿಸಿದ್ದೆ. ಕೊನೆಗೆ ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದ ಫರ್ಹಾನನನ್ನು. ಹಾಗೆ ಅನುಮಾನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಅವನು ಊಟಕ್ಕಿಳಿದಾಗ ಎಲೆಯ ಪೊಟ್ಟಣಗಳ ಚೀಟಿ ಕಿತ್ತು, ನನಗೆ ಮಾತ್ರ ಗೊತ್ತಾಗುವ ಗುರುತು ಹಾಕಿ ಅದಲುಬದಲು ಮಾಡಿಟ್ಟೆ.

ಪ್ರಯೋಗಾಲಯದಲ್ಲಿ ಬೇರೆ ಯಂತ್ರ ತೆಗೆದುಕೊಂಡು ಎಲ್ಲವನ್ನೂ ಮತ್ತೆ ಓದಿಸಿದೆ. ಫಲಿತಾಂಶ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಯಾರೂ ಎಲೆ ಬದಲಾಯಿಸಿರಲಿಲ್ಲ, ಯಾರೂ ಯಂತ್ರ ಕೆಡಿಸಿರಲಿಲ್ಲ. ಚೀಟಿ ಕಿತ್ತದ್ದು ಫರ್ಹಾನನಿಗೆ ತಿಳಿಯಿತು. ತನ್ನ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಏನು ಬೇಕೋ ನೋಡಿಕೊಳ್ಳಿ ಅನ್ನುವ ಹಾಗಿತ್ತು.

ಕೊನೆಯ ಅಂಕಿ ಬೇಡ, ಅದಕ್ಕಿಂತ ಮುಂಚಿನ ಓದು ತೋರಿಸು ಅಂದೆ. ಎಲೆಯಲ್ಲಿ ಏನೇನಿದೆ ಅಂತ ಯಂತ್ರ ಮೊದಲು ಬರೆದುಕೊಳ್ಳುವ ಉದ್ದನೆಯ ಪಟ್ಟಿ ಅದು. ಯಂತ್ರಕ್ಕೆ ಇರುವುದು ಎರಡೇ ಖಾನೆ. ಅಸಲು ಗುಳಮಾವು ಅಂತ ನಾವು ಕೊಟ್ಟ ಒಂದು ಮೂಲಮಾದರಿಯಲ್ಲಿ ಇರುವುದೆಲ್ಲ ಮೊದಲ ಖಾನೆಗೆ ಹೋಗುತ್ತದೆ. ಅದರಲ್ಲಿ ಇಲ್ಲದ್ದು ಬೆರಕೆ ಖಾನೆಗೆ. ನಲವತ್ತೊಂದು ಮರಗಳ ಬೆರಕೆ ಖಾನೆಯಲ್ಲಿ ಬಿದ್ದದ್ದನ್ನು ಬೆಣ್ಣೆಹಣ್ಣಿನ ಜೊತೆ ಹೋಲಿಸಿ ನೋಡು ಅಂದೆ. ಫರ್ಹಾನ್ ಹೋಲಿಸಿದ, ಹುಬ್ಬು ಗಂಟು ಹಾಕಿದ, ಇನ್ನೊಮ್ಮೆ ಹೋಲಿಸಿದ.

"ಒಂದೂ ಹೊಂದಲ್ಲ ಮೇಡಂ. ಇದು ಬೆಣ್ಣೆಹಣ್ಣಿಂದ ಬಂದಿದ್ದೇ ಅಲ್ಲ."

ಹಾಗಾದರೆ ಮೂಲಮಾದರಿ ಮತ್ತು ಬೆಣ್ಣೆಹಣ್ಣು ಎರಡರಲ್ಲೂ ಇದ್ದದ್ದನ್ನು ಏನು ಮಾಡಿದ್ದೀರಿ ಅಂತ ಕೇಳಿದೆ. ದಾಯಾದಿಗಳಲ್ಲವಾ, ಇಬ್ಬರಲ್ಲೂ ಇರುವುದು ಮನೆತನದ್ದು, ಗುರುತಿಗೆ ಬರುವುದಿಲ್ಲ ಅಂತ ತೆಗೆದುಹಾಕಿದ್ದೇವೆ ಅಂದ. ಹಾಗೆ ತೆಗೆಯಲು ಯಾರು ಹೇಳಿದ್ದು ಅಂದೆ. ಅವನು ನನ್ನ ಮುಖವನ್ನೇ ನೋಡಿದ. ಹೇಳಿದವಳು ನಾನೇ.

ಮನೆಗೆ ಬಂದಾಗ ತಲೆ ಧಿಂ ಅನ್ನುತ್ತಿತ್ತು. ಕಾಲಿನ ಇಂಬಳದ ಗಾಯಗಳು ಕೆರೆದು ಹುಣ್ಣಾಗಿದ್ದವು. ಚೇತನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅರಿಸಿನ ಎಣ್ಣೆ ಹಚ್ಚುತ್ತಾ ಬೈದ. ಐವತ್ತಮೂರು ವರ್ಷದ ಹೆಂಗಸು ಕಾಡಿನಲ್ಲಿ ಬರಿಗಾಲಲ್ಲಿ ತಿರುಗುವುದು ಯಾವ ಸೀಮೆಯ ವಿಜ್ಞಾನ ಅಂತ ಅವನ ಪ್ರಶ್ನೆ. ಬನದೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಮೊದಲಿನಿಂದಲೂ ಹಾಗೇ, ಯಾರಿಗೂ ಬಿಟ್ಟಿಲ್ಲ ಅಂತ ನಾನು ರೇಗಿದೆ.

ಅವನು ಗದ್ದದಿಂದ ಗೋಡೆಯ ಕಡೆ ತೋರಿಸಿದ. "ಯಾರಿಗೂ ಬಿಟ್ಟಿಲ್ಲ ಅಂತೀಯ, ನೀನು ಶೂ ಹಾಕ್ಕೊಂಡೇ ನಿಂತಿದೀಯಲ್ಲ."

ನಮ್ಮ ಹಜಾರದಲ್ಲಿ ಒಂದು ಫೋಟೊ ಇದೆ. ಪ್ರತಿ ಶುಕ್ರವಾರ ಚೇತನ ಒರೆಸುತ್ತಾನೆ. ಇಪ್ಪತ್ತೇಳರ ನಾನು, ಕೈಯಲ್ಲಿ ಗುಳಮಾವಿನ ಕೊಂಬೆ, ಮುಖದಲ್ಲಿ ಜಗತ್ತನ್ನೇ ಗೆದ್ದ ನಗು. ಕೆಳಗೆ ನನ್ನ ಗುರುಗಳು ಪ್ರೊಫೆಸರ್ ವಾಮನಮೂರ್ತಿಯವರ ಮುದ್ದಾದ ಅಕ್ಷರ: ಮಾದ್ಲಗುಂಡಿ ದೇವರಬನದ ಒಳಗಿನ ತಾಯಿಮರದಿಂದ. ಆ ಕೊಂಬೆಯ ಎಲೆಯೇ ಕುಲಸೂಚಿಯ ಮೂಲಮಾದರಿ. ಕೊಡಲಿ ಮುಟ್ಟದ ಬನದೊಳಗೆ ದೇವರ ಹೆಸರಲ್ಲಿ ಕಾದಿಟ್ಟ ಮರ, ಅದಕ್ಕಿಂತ ಅಸಲು ಎಲ್ಲಿ ಸಿಕ್ಕೀತು ಅಂತ ಎಲ್ಲರೂ ಒಪ್ಪಿದ್ದರು. ಫೋಟೊದಲ್ಲಿ ನನ್ನ ಕಾಲಿಗೆ ಬಿಳಿ ಶೂ ಇತ್ತು. ಲೇಸು ಕೂಡ ಅಚ್ಚುಕಟ್ಟಾಗಿ ಕಟ್ಟಿತ್ತು. ಒಂದು ಹನಿ ಕೆಸರೂ ಇರಲಿಲ್ಲ.

ಹಾಲನ್ನು ಮೂಸುವವಳು ನಾನು. ಇಪ್ಪತ್ತಾರು ವರ್ಷ ಆ ಫೋಟೊದ ಕೆಳಗೇ ಕೂತು ಕಾಫಿ ಕುಡಿದಿದ್ದೆ.

ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ನೆನಪಿತ್ತು ಅಂದರೂ ಸುಳ್ಳೇ. ಆ ದಿನ ಬೆಳಗ್ಗೆ ನಾನು ಮುಟ್ಟಾಗಿದ್ದೆ. ಗುರುಗಳಿಗೆ ಮೊಣಕಾಲು ನೋವು, ರಸ್ತೆಯಲ್ಲಿ ಜೀಪಿನಲ್ಲೇ ಕೂತಿದ್ದರು. ದಾರಿ ತೋರಿಸಲು ಬಂದವಳು ಪುನೀತ. ಗಡಿಕಲ್ಲಿನ ಹತ್ತಿರ ನಾನು ನಿಂತುಬಿಟ್ಟೆ. ಮುಟ್ಟಾದವರು ಆ ಕಲ್ಲು ದಾಟುವಂತಿಲ್ಲ ಅಂತ ಹಿಂದಿನ ದಿನವೇ ಅವಳ ಅತ್ತೆ ಹೇಳಿದ್ದರು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಆದರೆ ಅವರ ಜಾಗದಲ್ಲಿ ಅವರ ಮಾತು ಮೀರಲು ಮನಸ್ಸಾಗಲಿಲ್ಲ. ವಾಪಸ್ ಹೋಗಿ ಗುರುಗಳಿಗೆ ಹೇಳಬೇಕಿತ್ತು. ಜೀಪಿನಲ್ಲಿ ಇನ್ನಿಬ್ಬರು ಗಂಡಸರಿದ್ದರು. ಏನಂತ ಹೇಳುವುದು? ನಾಚಿಕೆಯಾಯಿತು. ಕಲ್ಲಿನ ಈಚೆ, ಬೇಲಿ ಪಕ್ಕ ಒಂದು ಎಳೆಯ ಗುಳಮಾವು ಕಂಡಿತು. ಆಗ ಅದು ಕಾಯಿ ಬಿಟ್ಟಿರಲಿಲ್ಲ. ಅದರ ಕೊಂಬೆ ಮುರಿದೆ. ಅರ್ಧ ಗಂಟೆ ಅಲ್ಲೇ ಕಾಲ ಕಳೆದು ಜೀಪಿಗೆ ಹೋಗಿ, ಒಳಗಿನ ಮರದ್ದು ಸರ್ ಅಂದೆ. ಚೀಟಿಯಲ್ಲೂ ಹಾಗೇ ಬರೆದೆ. ಎರಡು ಮರವೂ ಗುಳಮಾವೇ ತಾನೇ, ಹತ್ತು ಮಾರು ಆಚೀಚೆ ಆದರೆ ಏನು ಕೊಳ್ಳೆ ಹೋಗುತ್ತದೆ ಅಂತ ಸಮಾಧಾನ ಮಾಡಿಕೊಂಡೆ.

ಕೊಳ್ಳೆ ಹೋಗಿದ್ದು ಈಗ ಕಾಣುತ್ತಿತ್ತು. ಬೇಲಿಯ ಮರ ಬೆಣ್ಣೆಹಣ್ಣಿಗೆ ಹುಟ್ಟಿದ್ದು. ಅದಕ್ಕೆ ನೂರಕ್ಕೆ ನೂರು ಬಂದದ್ದು ಅದನ್ನು ಅದರ ಜೊತೆಗೇ ಹೋಲಿಸಿದ್ದರಿಂದ. ಬನದೊಳಗಿನವು ಅಸಲಾಗಿದ್ದರಿಂದಲೇ ಆ ಬೆರಕೆ ಮಾದರಿಗೆ ಹೊಂದಿರಲಿಲ್ಲ. ಬೆಣ್ಣೆಹಣ್ಣಿನ ಗುರುತು ಕಂಡಲ್ಲೆಲ್ಲ ಮನೆತನದ್ದು ಅಂತ ನಾನೇ ಅಳಿಸಿ ಹಾಕಿಸಿದ್ದೆ.

ಚೇತನನಿಗೆ ಎಲ್ಲ ಹೇಳಿದೆ. ಅವನ ಕೈ ನನ್ನ ಪಾದದ ಮೇಲೆ ಹಾಗೇ ನಿಂತಿತು. ಆಗಲೇ ಯಾಕೆ ಹೇಳಲಿಲ್ಲ ಅಂತ ಅವನು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಮರ ಅಂತ ಮಾತ್ರ ಕೇಳಿದ. ಗೊತ್ತಿಲ್ಲ ಅಂದೆ. ಅವನು ಎದ್ದು ಫೋಟೊ ಇಳಿಸಿ, ಒರೆಸಿ, ನನ್ನ ಬ್ಯಾಗಿನಲ್ಲಿಟ್ಟ.

ಮರುದಿನ ಫರ್ಹಾನನ ಮುಂದೆ ಅದನ್ನಿಟ್ಟೆ. ಮೊದಲು ಚೀಟಿ ಕಿತ್ತದ್ದಕ್ಕೆ ಕ್ಷಮೆ ಕೇಳಿದೆ, ಆಮೇಲೆ ವಿಷಯ ಹೇಳಿದೆ. ಅವನು ಮೂಲಮಾದರಿಗಳ ಕಡತ ತೆರೆದ. ಮೂಲಮಾದರಿ ರದ್ದು ಮಾಡಲು ಒಂದು ನಮೂನೆ ಇದೆ, ಅದರಲ್ಲಿ ತಪ್ಪಿಗೆ ಕಾರಣ ಅಂತ ಒಂದು ಸಾಲು. ಸಂಗ್ರಹಣೆಯಲ್ಲಿ ಲೋಪ ಅಂತ ಬರೆದರೆ ಸಾಕು, ಯಾರೂ ಕೆದಕುವುದಿಲ್ಲ, ನಿಮ್ಮ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಅಂತ ಮೆಲ್ಲಗೆ ಅಂದ. ಅವನನ್ನು ನಾನು ಅನುಮಾನಿಸಿದ್ದೆ, ಅವನು ನನ್ನ ಮಾನ ಉಳಿಸಲು ನೋಡುತ್ತಿದ್ದ.

ನಾನು ಬರೆದೆ: ಆ ದಿನ ನಾನು ಮುಟ್ಟಾಗಿದ್ದೆ. ಹೇಳಲು ನಾಚಿಕೆಯಾಯಿತು. ಬನದ ಹೊರಗಿನ ಮರದಿಂದ ಎಲೆ ತೆಗೆದು ಒಳಗಿನದು ಎಂದು ಬರೆದೆ.

ಫರ್ಹಾನ್ ಅದನ್ನು ಓದಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ಆಮೇಲೆ ಪಟ್ಟಿ ತೆಗೆದ. ಬೆರಕೆ ಅಂತ ನಾವು ಕಡಿಸಿದ ಮರಗಳು ಆರು ಸಾವಿರದ ಮುನ್ನೂರ ಹನ್ನೆರಡು, ಎಂಬತ್ತೇಳು ಊರುಗಳಲ್ಲಿ. ಅವುಗಳಲ್ಲಿ ನಿಜವಾಗಿ ಬೆರಕೆ ಎಷ್ಟಿದ್ದವು ಅಂತ ಕೇಳಿದೆ. ತಿಳಿಯುವ ಹಾಗಿಲ್ಲ ಅಂದ. ಎಲ್ಲವನ್ನೂ ಸುಟ್ಟಾಗಿದೆ.

ನಾಲ್ಕು ದಿನದ ಮೇಲೆ ಮಾದ್ಲಗುಂಡಿಗೆ ಹೋದೆ. ಆದೇಶ ತಡೆದಿದ್ದರು, ಹೊಸ ಮೂಲಮಾದರಿ ತೆಗೆಯಬೇಕಿತ್ತು. ಈ ಸಲ ಒಂದಲ್ಲ, ನಲವತ್ತೊಂದು ಮರದಿಂದಲೂ. ಶೂ ಬಿಚ್ಚಿ ಗಡಿಕಲ್ಲಿನ ಪಕ್ಕ ಇಟ್ಟೆ. ಪುನೀತಮ್ಮ ದೀಪದ ಎಣ್ಣೆ ಹಿಡಿದುಕೊಂಡು ಮುಂದೆ ನಡೆದಳು. ಹದಿನೇಳನೇ ಮರದ ಹತ್ತಿರ ಒದ್ದೆ ಬಟ್ಟೆ ತೆಗೆದು, ನಾನು ಬರೆಸಿದ್ದ ಸುಣ್ಣದ ನಂಬರನ್ನು ಉಜ್ಜಿ ಒರೆಸಿದಳು. ಅವಳು ಒರೆಸಿ ಮುಗಿಸುವವರೆಗೆ ಕಾದು, ಎಲ್ಲ ಹೇಳಿದೆ. ಶೂ, ಎಲೆ, ಚೀಟಿ, ಆರು ಸಾವಿರ ಮರ.

ಅವಳು ಬಟ್ಟೆ ಹಿಂಡುತ್ತಾ ನಿಂತಳು.

"ನೀವು ಅವತ್ತು ಒಳಗೆ ಬರ್ಲಿಲ್ಲ ಅಂತ ನಂಗೊತ್ತಿತ್ತಲ್ಲಕ್ಕ" ಅಂದಳು. "ಯಾಕೆ ಅಂತಾನೂ ಗೊತ್ತಿತ್ತು. ನೀವು ಜೀಪಲ್ಲಿ ಒಳಗಿಂದು ಅಂದಿದ್ದು ಕೇಳಿಸ್ತು. ಹೆಣ್ಣಿನ ಆ ಮಾತ್ನ ಗಂಡಸರ ಮುಂದೆ ಹೇಳೋಕಾಗುತ್ತಾ ಅಂತ ಸುಮ್ನಾದೆ. ಮೊನ್ನೆ ಬಂದಾಗ್ಲೂ ಕೇಳೋಣ ಅನ್ನಿಸ್ತು. ಪಕ್ಕದಲ್ಲಿ ಆ ಹುಡುಗ ಇದ್ನಲ್ಲ."

ನನ್ನನ್ನು ನೋಡಿದಾಗಲೆಲ್ಲ ಅವಳು ಬಾಯಿ ತೆರೆದು ಮುಚ್ಚಿದ್ದು ಅದಕ್ಕೆ. ಮಗಳ ಮರ ಹೋಗುತ್ತದೆ ಅಂತ ಗೊತ್ತಿದ್ದೂ ನನ್ನ ಮಾನ ಕಾದಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಆ ಎಲೆ ಇಷ್ಟು ದೊಡ್ಡದಾಗುತ್ತದೆ ಅಂತ ಗೊತ್ತಿದ್ದರೆ ಹೇಳುತ್ತಿದ್ದೆಯಾ ಅಂತ ಕೇಳಿದೆ.

ಅವಳು ಯೋಚಿಸಿದಳು. ಗೊತ್ತಿಲ್ಲಕ್ಕ ಅಂದಳು.

ಹೊರಗೆ ಬಂದಾಗ ಬೇಲಿಯ ಮರದ ಕೆಳಗೆ ನಾಲ್ಕು ಹಣ್ಣು ಬಿದ್ದಿದ್ದವು. ಇನ್ನು ಕಾಯ್ದೆಯ ಪ್ರಕಾರ ಕಡಿಯಬೇಕಾದದ್ದು ಇದನ್ನೇ ಅಲ್ಲವಾ ಅಂತ ಪುನೀತಮ್ಮ ಕೇಳಿದಳು. ನಾನು ಕಾಂಡಕ್ಕೆ ಮೂಗು ತಾಗಿಸಿ ಬುಡದಿಂದ ಕಣ್ಣೆತ್ತರದವರೆಗೆ ಬೆರಳಿಟ್ಟು ನೋಡಿದೆ. ಪಕ್ಕದ ತೋಟದ ಬೆಣ್ಣೆಹಣ್ಣೆಲ್ಲ ಒಣಗಿ ಸತ್ತಿದ್ದವು, ಇದರಲ್ಲಿ ಹುಳದ ಒಂದು ತೂತೂ ಇರಲಿಲ್ಲ. ಬೆರಕೆ ಮರವೇ ಸೇತುವೆ ಅನ್ನುವ ಮಾತನ್ನು ಆಮೇಲೆ ಅಳೆದು ಖಚಿತ ಮಾಡಿದ್ದೂ ಇದೇ ಯಂತ್ರದಿಂದ, ಅದೇ ಎಲೆಯಿಂದ. ಆ ಕಾಯ್ದೆಯ ಮೇಲೂ ನನಗೆ ಅನುಮಾನ ಬಂದಿದೆ ಅಂದೆ. ವರದಿಯಲ್ಲಿ ಅದನ್ನೂ ಬರೆಯುತ್ತೇನೆ, ಬರೆಯುವವರೆಗೆ ಯಾರೂ ಕೊಡಲಿ ಹಚ್ಚದ ಹಾಗೆ ನೋಡಿಕೋ ಅಂದೆ.

ಈಗ ನನ್ನ ಬ್ಯಾಗಿನಲ್ಲಿ ಎಂಬತ್ತೇಳು ಊರುಗಳ ಪಟ್ಟಿ ಇದೆ. ಹೋಗು ಅಂತ ಯಾರೂ ಹೇಳಿಲ್ಲ, ಬೇಡ ಅಂತಲೇ ಮೇಲಿನವರು ಹೇಳಿದ್ದಾರೆ. ಮೊನ್ನೆ ಮೊದಲನೇ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಕೂತಿದ್ದರು, ಮುಕ್ಕಾಲು ಪಾಲು ಗಂಡಸರು. ಅವರ ಹಿಂದೆ ಕಡಿದ ಬುಡಗಳು ಕಪ್ಪಾಗಿ ಕಾಣುತ್ತಿದ್ದವು. ನಾನು ನಿಂತುಕೊಂಡು, ಅವತ್ತು ನಾನು ಮುಟ್ಟಾಗಿದ್ದೆ ಅಂತಲೇ ಶುರು ಮಾಡಿದೆ.